ಕನ್ನಡಿಯಂತೆ ಉಜ್ಜಿದ ಬಕೆಟ್

ನಾಲ್ಕನೆಯ ಸಲ ಮನೆಯಲ್ಲೇ ಮಾಡಿದ ಬಿಯರಿನ ಮುಚ್ಚಳವನ್ನು ನನ್ನ ಸೋದರಮಾವ ತೆಗೆದರು. ಬಕೆಟ್ಟಿನೊಳಗೆ ಇಣುಕಿದರು, ಮೂಗನ್ನು ಹತ್ತಿರ ಒಯ್ದರು, ಹಿಂದೆ ಸರಿದರು, ನಂಬಿಕೆ ಬಾರದೆ ಇನ್ನೊಮ್ಮೆ ಒಯ್ದರು. ಹದಿನಾರು ದಿನ ಬಚ್ಚಲಮನೆಯ ಮೂಲೆಯಲ್ಲಿ ಅಲುಗಾಡಿಸದೆ ಇಟ್ಟಿದ್ದ ಬಿಯರಿನ ಮೇಲೆ ತೆಳ್ಳನೆಯ ಬಿಳಿ ಪೊರೆ ಹರಡಿತ್ತು. ಪೊರೆಯ ಮೇಲೆ ಅಲ್ಲಲ್ಲಿ ಒಣಗಿದ ಗುಳ್ಳೆಗಳು. ವಿನೆಗರ್ ವಾಸನೆ ಬಚ್ಚಲಮನೆ ದಾಟಿ, ಮೆಟ್ಟಿಲು ಹತ್ತಿ, ಮಹಡಿ ಮೇಲಿನ ನಮ್ಮ ಮನೆಗೂ ಬಂತು. ಬಟ್ಟೆ ಮಡಚುತ್ತಿದ್ದ ಅಮ್ಮ ತಲೆಯೆತ್ತಿ, "ಹೋಯ್ತು, ನನ್ನ ತಮ್ಮ ಮತ್ತೆ ಉಪ್ಪಿನಕಾಯಿ ಹಾಕ್ದ" ಎಂದರು.

ಕೆಳಗೆ ಅತ್ತೆ ಆಗಷ್ಟೇ ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದರು.

"ಏನ್ರೀ, ಆಯ್ತಾ?"

"ಸ್ವಲ್ಪ ಹುಳಿ ಹೊಡೀತಾ ಇದೆ."

"ಸ್ವಲ್ಪಾನಾ? ಬಾಗಿಲಲ್ಲೇ ನನ್ನ ಕಣ್ಣಲ್ಲಿ ನೀರು ಬರ್ತಿದೆ."

"ಇನ್ನೊಂದು ವಾರ ಬಿಟ್ರೆ ಸರಿಹೋಗ್ಬಹುದು ಕಣೇ."

"ಬಿಟ್ಟೇ ಈ ಗತಿ ಬಂದಿರೋದು. ಚೆಲ್ಲಿ. ಚೆಲ್ಲಿ ಬಚ್ಚಲು ಖಾಲಿ ಮಾಡಿಕೊಡಿ, ನಾನು ಸ್ನಾನ ಮಾಡ್ಬೇಕು."

ಅತ್ತೆಯ ಸಂಕಟ ಏನೆಂದು ಹೇಳಬೇಕಾದರೆ ಆ ಬಚ್ಚಲಮನೆಯನ್ನು ನೋಡಿರಬೇಕು. ಕೆಳಗಿನ ಮನೆಗೆ ಇದ್ದದ್ದು ಅದೊಂದೇ. ಉದ್ದ ಎಂಟು ಅಡಿ, ಅಗಲ ಐದು. ಅದರಲ್ಲಿ ಮಾವನ ದೊಡ್ಡ ಬಕೆಟ್, ಬಾರ್ಲಿ ಮಾಲ್ಟ್ ಕುದಿಸುವ ಹಂಡೆಯಷ್ಟು ದೊಡ್ಡ ಸ್ಟೀಲ್ ಪಾತ್ರೆ, ಬಿಯರನ್ನು ಬಾಟಲಿಗೆ ಇಳಿಸುವ ಪೈಪಿನ ಸುರುಳಿ, ನಲವತ್ತೆರಡು ಖಾಲಿ ಬಾಟಲಿ, ಮೂರು ಅಳತೆಯ ಬ್ರಷ್ಷು. ಅತ್ತೆ ಒಂದು ಚೊಂಬು ನೀರು ಮೈಮೇಲೆ ಹಾಕಿಕೊಳ್ಳಬೇಕಾದರೆ ಮೊದಲು ಈ ಸಾಮಾನನ್ನೆಲ್ಲ ಎತ್ತಿ ನಡುಮನೆಗೆ ಸಾಗಿಸಬೇಕು. ಬಕೆಟ್ಟಿನಲ್ಲಿ ಬಿಯರ್ ಇದ್ದರಂತೂ ಅದನ್ನು ಕದಲಿಸುವಂತಿಲ್ಲ. ಅದರ ಪಕ್ಕದಲ್ಲೇ ಮೈ ಹಿಡಿಮಾಡಿಕೊಂಡು, ಒಂದು ಹನಿ ಸಿಡಿಯದ ಹಾಗೆ ಮಿಂದು ಬರಬೇಕು. "ಮೈ ತೊಳ್ಕೊಂಡಿದ್ದೀನೋ, ಕದ್ದು ಬಂದಿದ್ದೀನೋ ಗೊತ್ತಾಗಲ್ಲ" ಎನ್ನುತ್ತಿದ್ದರು.

ಆ ದಿನ ಮಾವ ಬಿಯರನ್ನೆಲ್ಲ ಚೆಲ್ಲಿದ ಮೇಲೆ ಅತ್ತೆ ತೀರ್ಮಾನ ಹೇಳಿದರು.

"ಇನ್ನೊಂದೇ ಸಲ. ಐದನೇದೂ ಹುಳಿ ಬಂದ್ರೆ ಬಕೆಟ್, ಪಾತ್ರೆ, ಪೈಪು, ಬಾಟ್ಲಿ, ಎಲ್ಲಾ ಗುಜರಿಗೆ. ಒಂದು ಬ್ರಷ್ಷೂ ಉಳೀಬಾರ್ದು."

"ಹುಳಿ ಬಂದಿದೆಯೋ ಇಲ್ವೋ ಅಂತ ಹೇಳೋರು ಯಾರು? ನೀನು ಹೇಗಿದ್ರೂ ಹುಳಿ ಅಂತೀಯ."

"ನೀವು ಹೇಗಿದ್ರೂ ಅಮೃತ ಅಂತೀರ. ಮೇಸ್ತ್ರಿನ ಕರೀರಿ. ಅವರು ಒಂದು ಲೋಟ ಪೂರ್ತಿ ಕುಡಿದ್ರೆ ನಾನು ಇನ್ನು ಬಾಯಿ ತೆಗೆಯಲ್ಲ. ಅರ್ಧಕ್ಕೆ ಇಟ್ರೆ ಗುಜರಿ."

ಮಾವ ಒಪ್ಪಿಕೊಂಡರು. ಬೇರೆ ದಾರಿ ಇರಲಿಲ್ಲ.

ಮೇಸ್ತ್ರಿ ಎಂದರೆ ಮಾವ ಕೆಲಸ ಮಾಡುವ ನಲ್ಲಿ ಕಾರ್ಖಾನೆಯ ಪಾಲಿಶ್ ವಿಭಾಗದ ಮೇಸ್ತ್ರಿ. ಮಾವ ಆ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಇದ್ದರು. ಅಚ್ಚಿನಿಂದ ಬಂದ ಹಿತ್ತಾಳೆ ನಲ್ಲಿ ಒರಟಾಗಿ, ಮಂಕಾಗಿ ಇರುತ್ತದೆ. ಅದನ್ನು ಮೊದಲು ಒರಟು ಚಕ್ರಕ್ಕೆ, ಆಮೇಲೆ ನಯವಾದ ಚಕ್ರಕ್ಕೆ, ಕೊನೆಗೆ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿದು ಉಜ್ಜಬೇಕು. ಮಾವ ಉಜ್ಜಿದ ನಲ್ಲಿಯಲ್ಲಿ ಮುಖ ನೋಡಿ ಮೀಸೆ ಕತ್ತರಿಸಿಕೊಳ್ಳಬಹುದಿತ್ತಂತೆ. ಕಾರ್ಖಾನೆಯಲ್ಲಿ ಅವರನ್ನು ಕರೆಯುತ್ತಿದ್ದದ್ದೇ 'ಕನ್ನಡಿ' ಎಂದು. ಇದು ನಾನು ಕಂಡದ್ದಲ್ಲ, ಮೇಸ್ತ್ರಿ ಹೇಳಿದ್ದು.

ಅವರಿಗೆ ಶುಚಿ ಎಂದರೆ ಹೊಳಪು. ಹೊಳೆಯಲಿಲ್ಲವೆಂದರೆ ಇನ್ನೂ ಉಜ್ಜಬೇಕು ಎಂದೇ ಅರ್ಥ. ಇದು ಕಾರ್ಖಾನೆಯ ಬಾಗಿಲಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಮನೆಗೂ ಬಂತು. ಬಾಗಿಲ ಚಿಲಕ, ಕತ್ತರಿ, ಚಮಚ, ಕುಕ್ಕರಿನ ಹಿಡಿಯ ಸ್ಕ್ರೂ, ಯಾವುದೂ ಅವರ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಮದುವೆಯಾದ ಹೊಸತರಲ್ಲಿ ಅತ್ತೆ ಆಸೆಪಟ್ಟು ಒಂದು ಕಪ್ಪು ನಾನ್‌ಸ್ಟಿಕ್ ಬಾಣಲೆ ತಂದಿದ್ದರು. ಅವರು ತಾಯಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಮಾವ ಅದರ ಕಪ್ಪನ್ನೆಲ್ಲ ಉಜ್ಜಿ ತೆಗೆದು ಬೆಳ್ಳಗೆ ಮಾಡಿಟ್ಟಿದ್ದರು. "ಎಷ್ಟು ಕರಿ ಹಿಡಿದಿತ್ತು ಗೊತ್ತೇನೇ" ಎಂದು ಹೆಮ್ಮೆಯಿಂದ ತೋರಿಸಿದರಂತೆ. ಆ ಬಾಣಲೆಯ ವಿಷಯ ಅತ್ತೆ ವರ್ಷಕ್ಕೆ ಎರಡು ಸಲವಾದರೂ ಎತ್ತುತ್ತಾರೆ.

ಎರಡು ವರ್ಷದ ಹಿಂದೆ ಮಾವನಿಗೆ ಕೆಮ್ಮು ಹಿಡಿಯಿತು, ಬಿಡಲಿಲ್ಲ. ಲೋಹದ ಧೂಳು ಶ್ವಾಸಕೋಶದಲ್ಲಿ ಕೂತಿದೆ, ಚಕ್ರದ ಹತ್ತಿರ ಹೋಗಬೇಡಿ ಎಂದು ವೈದ್ಯರು ಹೇಳಿದರು. ಕಾರ್ಖಾನೆಯವರು ಅವರನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಅಲ್ಲಿ ಬೇರೆಯವರು ಉಜ್ಜಿದ ನಲ್ಲಿಯನ್ನು ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕುವುದು ಕೆಲಸ. ಮೊದಲ ತಿಂಗಳು ಮಾವ ಪ್ರತಿ ನಲ್ಲಿಯನ್ನೂ ಅಂಗಿಯ ತುದಿಯಿಂದ ಒಮ್ಮೆ ಒರೆಸಿಯೇ ಸುತ್ತುತ್ತಿದ್ದರು. ಅವರಿಂದಾಗಿ ಲಾರಿ ತಡವಾಗಿ ಹೊರಡುತ್ತಿದೆ ಎಂದು ದೂರು ಬಂತು. ಆಮೇಲೆ ಒರೆಸುವುದನ್ನೂ ಬಿಟ್ಟರು. ಮನೆಗೆ ಬಂದರೆ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಕಡೆ ನೋಡುತ್ತ ಕೂರುತ್ತಿದ್ದರು. ಆಗ ಅತ್ತೆಗೂ ಅವರನ್ನು ಬಯ್ಯುವ ಮನಸ್ಸಾಗುತ್ತಿರಲಿಲ್ಲ.

ಆ ಹೊತ್ತಿಗೆ ಕಾರ್ಖಾನೆಯ ಸ್ಟೋರಿನಲ್ಲಿದ್ದವರೊಬ್ಬರು ಊರು ಬಿಡುವಾಗ ತಮ್ಮ ಬಿಯರ್ ಮಾಡುವ ಸಾಮಾನನ್ನು ಮಾವನಿಗೆ ಕೊಟ್ಟುಹೋದರು. ಮಾವ ಕುಡಿಯುವುದು ವಾರಕ್ಕೆ ಒಂದು ಲೋಟ, ಅದೂ ಅರ್ಧಕ್ಕೆ ಬಿಟ್ಟು ಎದ್ದುಬಿಡುತ್ತಾರೆ. ಅವರಿಗೆ ರುಚಿಸಿದ್ದು ಬಿಯರಲ್ಲ, ಅದನ್ನು ಮಾಡುವ ಮೊದಲು ಎಲ್ಲವನ್ನೂ ತೊಳೆಯಬೇಕು ಎಂಬುದು. ಸಾಮಾನಿನ ಜೊತೆ ಬಂದ ಪುಸ್ತಕದ ಮೊದಲ ಪುಟದಲ್ಲೇ ಹಾಗೆಂದು ಬರೆದಿತ್ತು. ಅಂದು ಕಿಟಕಿಯ ಹತ್ತಿರದ ಕುರ್ಚಿ ಖಾಲಿಯಾಯಿತು. ಐದನೆಯದು ಕೆಟ್ಟರೆ ಮಾವ ಮತ್ತೆ ಆ ಕುರ್ಚಿಗೇ ಹೋಗಿ ಕೂರುತ್ತಾರೆ ಎಂದು ಅಮ್ಮನಿಗೆ ಭಯ. ಅತ್ತೆಗೂ ಇತ್ತು, ಆದರೆ ಅವರಿಗೆ ಸ್ನಾನವೂ ಆಗಬೇಕಿತ್ತು.

ನಾಲ್ಕು ಸಲವೂ ಮಾವ ಕಷ್ಟಪಟ್ಟಿರಲಿಲ್ಲ ಎಂದು ಯಾರೂ ಹೇಳಲಾರರು. ಮೊದಲ ಸಲ ಎಲ್ಲವನ್ನೂ ಪಾತ್ರೆ ಸೋಪಿನಲ್ಲಿ ತೊಳೆದರು, ಅಷ್ಟೇ. ಹುಳಿ ಬಂತು. ತೊಳೆದರೆ ಸಾಲದು, ಆಮೇಲೆ ಕ್ರಿಮಿ ಸಾಯುವ ದ್ರಾವಣದಲ್ಲಿ ನೆನೆಸಬೇಕು ಎಂದು ಪುಸ್ತಕದ ಎರಡನೆಯ ಪುಟದಲ್ಲಿತ್ತು. ಮೊದಲನೆಯ ಪುಟ ಅಷ್ಟು ಹಿಡಿಸಿದ್ದರಿಂದ ಅವರು ಎರಡನೆಯದನ್ನು ಓದಿರಲಿಲ್ಲ. ಎರಡನೆಯ ಸಲ ದ್ರಾವಣ ತಂದರು. ಅದು ಬುಸುಬುಸು ನೊರೆ ಬಿಡುತ್ತದೆ. ನೊರೆ ಇದ್ದರೂ ಪರವಾಗಿಲ್ಲ, ಮತ್ತೆ ನೀರಿನಲ್ಲಿ ತೊಳೆಯಬೇಡಿ ಎಂದು ಬಾಟಲಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದರೂ, ನೊರೆ ಹಿಡಿದ ಬಕೆಟ್ಟನ್ನು ನೋಡುತ್ತ ನಿಲ್ಲುವುದು ಅವರಿಂದ ಆಗಲಿಲ್ಲ. ತಾರಸಿಯ ಟ್ಯಾಂಕಿನ ನೀರಿನಲ್ಲಿ ಮೂರು ಸಲ ತೊಳೆದರು. ಸತ್ತ ಕ್ರಿಮಿಯ ಜಾಗಕ್ಕೆ ಹೊಸ ಕ್ರಿಮಿ ಬಂತು. ಮೂರನೆಯ ಸಲ ಅತ್ತೆ, "ಕುದಿಯೋ ನೀರು ಹಾಕಿ, ನಮ್ಮ ಕ್ಲಿನಿಕ್ಕಲ್ಲಿ ಎಲ್ಲಾ ಬಿಸೀಲೇ ಮಾಡೋದು" ಎಂದರು. ಪ್ಲಾಸ್ಟಿಕ್ ಬಕೆಟ್ಟಿನ ತಳ ಉಬ್ಬಿತು, ಹುಳಿಯೂ ಬಂತು. ಅಂದಿನಿಂದ ಅದು ನೆಲದ ಮೇಲೆ ನೆಟ್ಟಗೆ ಕೂರದು, ಅಡಿಗೆ ರಟ್ಟು ಕೊಡಬೇಕು. ಆ ತಪ್ಪು ಅತ್ತೆಯದು ಎಂದು ಮಾವ, ನನ್ನ ಮಾತು ಕೇಳಿದ್ದು ನೀವು ಎಂದು ಅತ್ತೆ.

ನಾಲ್ಕನೆಯ ಸಲ ಮಾತ್ರ ಎಲ್ಲವನ್ನೂ ಪುಸ್ತಕದಲ್ಲಿದ್ದಂತೆಯೇ ಮಾಡಿದ್ದರು. ಬಿಯರ್ ಇಳಿಸಲು ಬಕೆಟ್ಟಿನ ಬುಡದಲ್ಲಿದ್ದ ಪುಟ್ಟ ನಲ್ಲಿಯನ್ನು ಬಿಚ್ಚಿ ತೊಳೆದಿದ್ದರು. ದ್ರಾವಣದಲ್ಲಿ ನೆನೆಸಿದ್ದರು. ಹಲ್ಲು ಕಚ್ಚಿ ನೊರೆಯನ್ನು ಹಾಗೇ ಬಿಟ್ಟಿದ್ದರು. ಅದಕ್ಕೂ ಮೊದಲು, ಪ್ರತಿ ಸಲದಂತೆ, ಒಂದು ಗಂಟೆ ಕೂತು ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬ್ಬರಿನಿಂದ ಬಕೆಟ್ಟಿನ ಒಳಗೆಲ್ಲ ಉಜ್ಜಿದ್ದರು. ಎಷ್ಟು ಉಜ್ಜಿದ್ದರೆಂದರೆ ಒಳಗೆ ಅಚ್ಚಾಗಿದ್ದ ಲೀಟರ್ ಗುರುತುಗಳೇ ಅಳಿಸಿಹೋಗಿ, ಎಷ್ಟು ಬಿಯರ್ ಇದೆ ಎಂದು ಅಂದಾಜಿನ ಮೇಲೆ ಹೇಳಬೇಕಾಗಿತ್ತು. ಅಷ್ಟಾದರೂ ಹುಳಿ ಬಂದದ್ದು ಅವರ ತಾಳ್ಮೆ ಕೆಡಿಸಿತು. ಮರುದಿನ ಊಟಕ್ಕೆ ಕೂತಾಗ ಆಡಬಾರದ ಮಾತು ಆಡಿಬಿಟ್ಟರು.

"ನನ್ನ ಕೆಲಸದಲ್ಲಿ ತಪ್ಪಿಲ್ಲ. ನೀನು ದಿನಾ ಆ ಕ್ಲಿನಿಕ್ಕಿಂದ ಯಾರ್ಯಾರದೋ ಬಾಯಿನ ಕ್ರಿಮಿ ಹೊತ್ಕೊಂಡು ಬಂದು ಅದೇ ಬಚ್ಚಲಲ್ಲಿ ಬಟ್ಟೆ ಬಿಚ್ಚಿ ಹಾಕ್ತೀಯಲ್ಲ, ಅದರಿಂದಾನೇ ಇದು."

ಅತ್ತೆ ಹದಿನೆಂಟು ವರ್ಷದಿಂದ ಹಲ್ಲಿನ ವೈದ್ಯರ ಕ್ಲಿನಿಕ್ಕಿನಲ್ಲಿ ಸಲಕರಣೆ ತೊಳೆದು, ಹಬೆಯ ಯಂತ್ರದಲ್ಲಿಟ್ಟು, ಒಂದೊಂದನ್ನೂ ಚೀಲಕ್ಕೆ ಹಾಕಿ ದಿನಾಂಕ ಬರೆಯುವ ಕೆಲಸದಲ್ಲಿದ್ದಾರೆ. ಅಷ್ಟು ವರ್ಷದಲ್ಲಿ ಅವರು ಕೊಟ್ಟ ಒಂದು ಚಿಮಟದ ಮೇಲೂ ಯಾರೂ ಬೆರಳಿಟ್ಟು ತೋರಿಸಿದ್ದಿಲ್ಲ. ಅವರು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ನನ್ನ ಮೇಲೆ ಕ್ರಿಮಿ?"

"ನಿನ್ನ ಮೇಲಲ್ಲ, ಬಟ್ಟೆ ಮೇಲೆ."

"ಬಟ್ಟೆ ಒಳಗೆ ಇರೋದು ಯಾರ್ರೀ?"

ಆಮೇಲೆ ಎರಡು ದಿನ ಕೆಳಗಿನ ಮನೆಯಲ್ಲಿ ಮಾತಿಲ್ಲ. ಉಪ್ಪು ಬೇಕಾದರೂ ಮಾವ ಎದ್ದು ತಾವೇ ತಂದುಕೊಂಡರು. ಅಮ್ಮ ಕೆಳಗಿಳಿದು ಹೋಗಿ ತಮ್ಮನಿಗೆ ಬುದ್ಧಿ ಹೇಳಿದರು. "ಅವಳು ಡೆಟಾಲಲ್ಲಿ ಕೈ ತೊಳೆದೇ ಬಾಗಿಲು ತಟ್ಟೋಳು ಕಣೋ. ಕ್ರಿಮಿ ಬಂದ್ರೆ ನಿನ್ನ ಬಾಯಿಂದ ಬಂದಿರ್ಬೇಕು." ಮಾವ ಐದನೆಯ ಸಲಕ್ಕೆಂದು ಬಕೆಟ್ಟನ್ನು ಮತ್ತೆ ಉಜ್ಜುತ್ತ ಕೂತಿದ್ದರು.

ಮೂರನೆಯ ದಿನ ಕ್ಲಿನಿಕ್ಕಿನಲ್ಲಿ ಹಲ್ಲು ಶುಚಿ ಮಾಡಿಸಿಕೊಳ್ಳಲು ಬಂದಿದ್ದ ಒಬ್ಬರು ವೈದ್ಯರನ್ನು ಕೇಳಿದರಂತೆ, ಕೊಳೆ ತೆಗೆದಾಯಿತಲ್ಲ, ಮತ್ತೆ ಈ ಪಾಲಿಶ್ ಯಾಕೆ ಎಂದು. ವೈದ್ಯರು ಎಂದಿನ ಉತ್ತರವನ್ನೇ ಕೊಟ್ಟರು. "ಕೆರೆದಾಗ ಹಲ್ಲಿನ ಮೇಲೆ ಸಣ್ಣ ಸಣ್ಣ ಗೀರು ಬೀಳುತ್ತೆ. ಹಾಗೇ ಬಿಟ್ರೆ ಕೊಳೆ ಆ ಗೀರಲ್ಲೇ ಮನೆ ಮಾಡ್ಕೊಳ್ಳುತ್ತೆ. ಬ್ರಷ್ಷೂ ಹೋಗಲ್ಲ, ಔಷಧೀನೂ ಹೋಗಲ್ಲ." ಅತ್ತೆ ಈ ಮಾತನ್ನು ಹದಿನೆಂಟು ವರ್ಷದಲ್ಲಿ ಸಾವಿರ ಸಲ ಕೇಳಿದ್ದರು. ಆ ದಿನ ಕೈಯಲ್ಲಿದ್ದ ತಟ್ಟೆಯನ್ನು ಹಿಡಿದುಕೊಂಡೇ ನಿಂತುಬಿಟ್ಟರು.

ರೋಗಿ ಹೋದ ಮೇಲೆ ಅತ್ತೆ ಕೇಳಿದರು, "ಡಾಕ್ಟ್ರೇ, ಮಕ್ಕಳ ಹಲ್ಲಿಗೆ ಹಚ್ತೀವಲ್ಲ, ಕೊಳೆ ಇದ್ದ ಕಡೆ ಕೆಂಪಾಗೋ ಬಣ್ಣ, ಒಂದು ಬಾಟ್ಲಿ ಕೊಡ್ತೀರಾ?"

"ಯಾರ ಹಲ್ಲಿಗಮ್ಮ?"

"ಬಕೆಟ್ಟಿಗೆ."

ವೈದ್ಯರು ಕಪಾಟಿನಿಂದ ಒಂದು ಬಾಟಲಿ ತೆಗೆದುಕೊಟ್ಟರು.

ಅಂದು ಶನಿವಾರ, ಅತ್ತೆ ಮಧ್ಯಾಹ್ನವೇ ಮನೆಗೆ ಬಂದರು. ಮಾವ ಆಗಷ್ಟೇ ಬಕೆಟ್ ತೊಳೆದು ಹಿತ್ತಲಿನ ಕಲ್ಲಿನ ಮೇಲೆ ಬೋರಲು ಹಾಕಿದ್ದರು. ಅತ್ತೆ ಅದನ್ನು ಎತ್ತಿ ಬಾಯಿ ಮೇಲಾಗಿ ಇಟ್ಟರು.

"ಇದು ಶುಚಿ ಆಗಿದೆ ಅಂತೀರ?"

ಎರಡು ದಿನದ ಮೇಲೆ ಹೆಂಡತಿ ಮಾತಾಡಿದ ಸಂತೋಷಕ್ಕೆ ಮಾವ ಎದ್ದೇ ನಿಂತರು. "ನೋಡು ಬೇಕಾದ್ರೆ. ಬೆರಳಾಡಿಸಿ ನೋಡು."

"ಬೆರಳು ಬೇಡ." ಅತ್ತೆ ಬಣ್ಣವನ್ನು ಹತ್ತಿಯಲ್ಲಿ ಅದ್ದಿ ಬಕೆಟ್ಟಿನ ಒಳಗೋಡೆಗೆಲ್ಲ ಬಳಿದರು. ಒಂದು ನಿಮಿಷ ಕಾದು ನೀರು ಹಾಕಿ ತೊಳೆದು ಚೆಲ್ಲಿದರು. "ಈಗ ನೋಡಿ."

ನಾನೂ ಅಮ್ಮನೂ ಮೇಲಿನ ಕಟಾಂಜನದಿಂದ ಬಗ್ಗಿ ನೋಡಿದೆವು. ಅಷ್ಟು ದೂರದಿಂದಲೂ ಕಾಣುತ್ತಿತ್ತು. ಬೆಳ್ಳಗಿದ್ದ ಬಕೆಟ್ಟಿನ ಒಳಗೆಲ್ಲ ಕೆಂಪು ಗೆರೆ. ಅಡ್ಡ, ಉದ್ದ, ಸುತ್ತ, ಕೂದಲಿನಷ್ಟು ಸಣ್ಣವು, ಒಂದರ ಮೇಲೊಂದು. ಮಗುವಿನ ಕೈಗೆ ಪೆನ್ನು ಕೊಟ್ಟು ಗೋಡೆಯ ಹತ್ತಿರ ಬಿಟ್ಟಂತೆ. ಲೀಟರ್ ಗುರುತು ಇದ್ದ ಜಾಗ ಪೂರ್ತಿ ಕೆಂಪು, ಏಕೆಂದರೆ ಅಲ್ಲೇ ಅವರು ಹೆಚ್ಚು ಉಜ್ಜಿದ್ದು.

ಮಾವ ಬಗ್ಗಿ ನೋಡಿದರು. ಉಗುರಿನಿಂದ ಒಂದು ಗೆರೆಯನ್ನು ಕೆರೆದರು. ಬಣ್ಣ ಬರಲಿಲ್ಲ.

"ಇದೆಲ್ಲಾ ಏನು?"

"ನಿಮ್ಮ ಪಾಲಿಶ್ಶು."

"ನಾನು ಮಾಡಿದ್ದಾ?"

"ನನ್ನ ಬಟ್ಟೆ ಅಂತೂ ಮಾಡಿಲ್ಲ. ಒಂದೊಂದು ಗೀರಲ್ಲೂ ಕ್ರಿಮಿ ಸಂಸಾರ ಹೂಡಿದೆ ರೀ. ನೀವು ಪ್ರತಿ ಸಲ ಉಜ್ಜಿ ಅವಕ್ಕೆ ಹೊಸ ಮನೆ ಕಟ್ಟಿಕೊಡ್ತಾ ಇದ್ದೀರ. ಹುಳಿ ಬಂದಷ್ಟೂ ಉಜ್ಜೋದು, ಉಜ್ಜಿದಷ್ಟೂ ಹುಳಿ."

ಮಾವ ಕಲ್ಲಿನ ಮೇಲೆ ಕೂತರು. ಅತ್ತೆ ಗೆದ್ದಿದ್ದರು, ಆದರೆ ಗೆದ್ದ ಮುಖ ಮಾಡಲಿಲ್ಲ. ಮಾವ ತಮ್ಮ ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಜೀವನದಲ್ಲಿ ಆ ಕೈಗೆ ಬಂದಿದ್ದ ಕೆಲಸ ಒಂದೇ. ಅದೇ ತಪ್ಪು ಎಂದು ಅರ್ಧ ರೂಪಾಯಿ ಅಗಲದ ಹತ್ತಿಯ ಉಂಡೆಯೊಂದು ತೋರಿಸಿಕೊಟ್ಟಿತ್ತು. ಅಮ್ಮ ನನ್ನನ್ನು ಒಳಗೆ ಎಳೆದುಕೊಂಡರು.

ಆದರೆ ಮಾವ ಅಷ್ಟಕ್ಕೇ ಬಿಡುವವರಲ್ಲ. ಗೀರು ಬಿದ್ದಿದ್ದರೆ ಅದನ್ನು ತೆಗೆಯುವ ವಿದ್ಯೆ ತಮಗೆ ಗೊತ್ತಲ್ಲ ಎಂದು ಭಾನುವಾರ ಬೆಳಿಗ್ಗೆ ಹೊಳೆಯಿತು. ಹಳೆಯ ಮೋಟಾರಿಗೆ ಬಟ್ಟೆಯ ಚಕ್ರ ಕಟ್ಟಿ, ಮೂಗಿಗೆ ಅತ್ತೆ ಕೊಟ್ಟ ಮುಸುಕು ಹಾಕಿಕೊಂಡು, ಬಕೆಟ್ಟಿನ ಒಳಗೋಡೆಯನ್ನು ಅದಕ್ಕೆ ಒತ್ತಿದರು. ಹಿತ್ತಾಳೆ ಕಾದರೆ ಹೊಳೆಯುತ್ತದೆ. ಪ್ಲಾಸ್ಟಿಕ್ ಕಾದರೆ ಕರಗುತ್ತದೆ. ಅರ್ಧ ನಿಮಿಷದಲ್ಲಿ ಚಕ್ರ ಗೋಡೆಯನ್ನು ದಾಟಿ ಆಚೆ ಬಂತು. ಬೀದಿಯಿಡೀ ಸುಟ್ಟ ವಾಸನೆ. ಎದುರು ಮನೆಯ ದರ್ಜಿ ಓಡಿಬಂದು, "ಏನ್ ಸುಡ್ತಿದೀರಿ?" ಎಂದು ಕೇಳಿದರು.

"ನನ್ನ ಹೊಟ್ಟೆ" ಎಂದರು ಅತ್ತೆ.

ಆ ಬಕೆಟ್ಟಿನ ಕತೆ ಮುಗಿಯಿತು. ಹೊಸದು ಬಂತು. ಒಳಗೆ ಕೈಯಾಡಿಸಿದರೆ ಮೊಟ್ಟೆಯ ಸಿಪ್ಪೆಯಷ್ಟು ನಯ. ಐದನೆಯ ಸಲದ ತೊಳೆಯುವ ಕೆಲಸಕ್ಕೆ ಅತ್ತೆ ತಾವೇ ಎದುರು ಸ್ಟೂಲು ಹಾಕಿಕೊಂಡು ಕೂತರು. ಮನೆಯಲ್ಲಿದ್ದ ಸ್ಟೀಲ್ ಸ್ಕ್ರಬ್ಬರುಗಳನ್ನೆಲ್ಲ ಹಿಂದಿನ ದಿನವೇ ಮಹಡಿಗೆ ತಂದು ಅಮ್ಮನ ಕೈಗೆ ಕೊಟ್ಟಿದ್ದರು.

"ನೀವು ಯಾಕೆ ಇಷ್ಟು ಒದ್ದಾಡ್ತೀರ? ಕೆಟ್ಟುಹೋದ್ರೆ ಬಚ್ಚಲು ನಿಮ್ಮದೇ ಅಲ್ವಾ" ಎಂದು ಅಮ್ಮ ಕೇಳಿದರು.

"ಕೆಡ್ಲಿ ಅಕ್ಕ, ಬೇಡ ಅನ್ನಲ್ಲ. ಆದ್ರೆ ಕ್ರಿಮಿಯಿಂದ ಕೆಡಬಾರ್ದು. ನನ್ನ ಮನೇಲಿ ಕ್ರಿಮಿ ಅಂದುಬಿಟ್ರಲ್ಲ."

ಮೊದಲು ಸೋಪಿನ ನೀರು, ಮೆತ್ತನೆಯ ಬಟ್ಟೆ. ಮಾವನ ಕೈ ಬಟ್ಟೆಯನ್ನು ಹಿಡಿದ ಕೂಡಲೇ ಒತ್ತತೊಡಗಿತು.

"ಒತ್ತಬೇಡಿ."

"ಒತ್ತಿಲ್ಲ."

"ಭುಜ ಏಳ್ತಿದೆ, ನನಗೆ ಕಾಣಲ್ವಾ? ಮಗುಗೆ ಮುಖ ಒರೆಸೋ ಹಾಗೆ ಒರೆಸಿ."

"ಹೀಗೆ ಒರೆಸಿದ್ರೆ ಏನು ಹೋಗುತ್ತೆ ಕಣೇ, ದೃಷ್ಟಿ ತೆಗೆದ ಹಾಗಿದೆ."

"ಹೋಗಬೇಕಾದ್ದು ಸೋಪಲ್ಲೇ ಹೋಗುತ್ತೆ. ನಿಮ್ಮ ಶಕ್ತಿ ಅದಕ್ಕೆ ಬೇಡ."

ಆಮೇಲೆ ನೀರಿನಲ್ಲಿ ಜಾಲಿಸಿ, ಬಕೆಟ್ಟು, ಮುಚ್ಚಳ, ಬಿಚ್ಚಿದ ನಲ್ಲಿಯ ಐದು ತುಂಡು, ಪೈಪು, ಎಲ್ಲಕ್ಕೂ ದ್ರಾವಣ. ದ್ರಾವಣ ಹಾಕಿದ ಮೇಲೆ ಎಲ್ಲ ಕಡೆಯೂ ಒದ್ದೆಯಾಗಿ ಕೆಲವು ನಿಮಿಷ ಇರಬೇಕು. ಅತ್ತೆ ಹತ್ತು ನಿಮಿಷಕ್ಕೆ ಗಡಿಯಾರದ ಅಲಾರಂ ಇಟ್ಟರು. ಅದು ಕ್ಲಿನಿಕ್ಕಿನ ಅಭ್ಯಾಸ. ಆ ಹತ್ತು ನಿಮಿಷ ಮಾವ ಏನನ್ನೂ ಮುಟ್ಟದೆ ಕೂರಬೇಕಿತ್ತು. ಅವರು ಎರಡೂ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಎದ್ದರು, ಕೂತರು. ಬಕೆಟ್ಟಿನೊಳಗೆ ನೊರೆ ಮೆಲ್ಲಗೆ ಇಳಿಯುತ್ತಿತ್ತು.

"ಒಂದು ಚೊಂಬು ನೀರು ಹಾಕ್ಲಾ?"

"ಹಾಕಿ ನೋಡಿ."

"ನೊರೆ ಮೇಲೆ ಬಿಯರ್ ಹಾಕೋದಾ? ನೋಡಿದೋರು ಏನಂತಾರೆ?"

"ಯಾರು ನೋಡ್ತಾರೆ? ಬಚ್ಚಲಲ್ಲಿ ಜಾತ್ರೆ ನಡೀತಿದೆಯಾ? ಇನ್ನೂ ನಾಲ್ಕು ನಿಮಿಷ ಇದೆ."

ಕುದಿಸಿ ಆರಿಸಿದ ಮಾಲ್ಟಿನ ನೀರನ್ನು ಅತ್ತೆ ಕಷಾಯ ಎನ್ನುತ್ತಿದ್ದರು. ಆ ಕಷಾಯವನ್ನು ಸುರಿದು, ಯೀಸ್ಟ್ ಉದುರಿಸಿ, ಮುಚ್ಚಳ ಬಿಗಿದು, ಗಾಳಿ ಹೊರಹೋಗುವ ಪುಟ್ಟ ಕೊಳವೆ ಸಿಕ್ಕಿಸಿದ ಮೇಲೆ ಅತ್ತೆ ಮುಚ್ಚಳದ ಸುತ್ತ ಕ್ಲಿನಿಕ್ಕಿನ ಅಂಟುಪಟ್ಟಿ ಹಚ್ಚಿ ದಿನಾಂಕ ಬರೆದರು. ಪಟ್ಟಿ ಹರಿದಿದ್ದರೆ ನೀವು ಇಣುಕಿದ್ದೀರಿ ಎಂದೇ ಲೆಕ್ಕ ಎಂದು ಎಚ್ಚರಿಸಿದರು. ಮಾವ ಇಣುಕಲಿಲ್ಲ. ಬದಲಿಗೆ ಬೆಳಿಗ್ಗೆ ಸಂಜೆ ಬಕೆಟ್ಟಿಗೆ ಕಿವಿ ಹಚ್ಚಿ ಕೊಳವೆಯ ಗುಳ್ಳೆಯ ಸದ್ದು ಕೇಳುತ್ತಿದ್ದರು. ಹೊರಗೆ ಅತ್ತೆ ಟವೆಲ್ ಹಿಡಿದು ಕಾಯುತ್ತಿದ್ದರು.

ಹದಿನಾರನೆಯ ದಿನ ಪಟ್ಟಿ ಬಿಡಿಸಿದಾಗ ಪೊರೆ ಇರಲಿಲ್ಲ. ವಾಸನೆ ಹೊಸ ಬ್ರೆಡ್ಡಿನ ಹಾಗಿತ್ತು. ಆದರೆ ಇನ್ನೂ ನಲವತ್ತೆರಡು ಬಾಟಲಿ ತೊಳೆಯುವುದಿತ್ತು, ಅವಕ್ಕೂ ನೊರೆ, ಅವಕ್ಕೂ ಹತ್ತು ನಿಮಿಷ. ಬಾಟಲಿಗೆ ತುಂಬಿದ ಮೇಲೆ ಮತ್ತೆ ಎರಡು ವಾರ.

ಮೇಸ್ತ್ರಿ ಒಂದು ಭಾನುವಾರ ಮಧ್ಯಾಹ್ನ ಬಂದರು. ಎತ್ತರದ ಆಳು, ಹೊಗಳಿದರೆ ಬಾಯಿ ನೋಯುತ್ತದೆ ಎನ್ನುವಂಥವರು. ಮೊದಲ ಮೂರೂ ಸಲ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟವರು. ಅವರು ಬರುವ ಹೊತ್ತಿಗೇ ಸರಿಯಾಗಿ ಬರುವಂತೆ ಅತ್ತೆ ಗುಜರಿಯವನಿಗೂ ಹೇಳಿಟ್ಟಿದ್ದರು. ಅವನು ಗೇಟಿನ ಹೊರಗೆ ಗಾಡಿ ನಿಲ್ಲಿಸಿಕೊಂಡು ನಿಂತಿದ್ದ. ಮಾವನ ಕಣ್ಣು ಮೇಸ್ತ್ರಿಯ ಮೇಲೆ ಒಂದು ಕ್ಷಣ, ಗಾಡಿಯ ಮೇಲೆ ಒಂದು ಕ್ಷಣ.

"ಏನಯ್ಯಾ ಕನ್ನಡಿ, ಈ ಸಲ ಆಂಬುಲೆನ್ಸಿಗೂ ಹೇಳಿದ್ದೀಯೋ, ಬರೀ ಗುಜರಿಯವನಿಗೋ?"

"ಕುಡಿದು ಹೇಳಿ ಮೇಸ್ತ್ರಿ."

ಬಾಟಲಿಯ ಮುಚ್ಚಳ ತೆಗೆದಾಗ ಉಸ್ಸೆಂದಿತು. ಮೇಸ್ತ್ರಿ ಲೋಟವನ್ನು ಬೆಳಕಿಗೆ ಹಿಡಿದರು. ಮೂಸಿದರು. ಒಂದು ಗುಟುಕು ಕುಡಿದರು. ಇನ್ನೊಂದು. ಅರ್ಧ ಲೋಟವಾದಾಗ ನಿಲ್ಲಿಸಿ ಮೇಜಿನ ಮೇಲೆ ಇಟ್ಟರು.

ಮಾವನ ಮುಖ ಇಳಿದುಹೋಯಿತು. ಗೇಟಿನಿಂದ ಗುಜರಿಯವನು ಕೂಗಿದ, "ಅಮ್ಮಾ, ಬರ್ಲಾ ಬೇಡ್ವಾ?"

"ಹುಳಿನಾ?" ಅತ್ತೆ ಕೇಳಿದರು. ಕೇಳಿದ್ದು ಅವರೇ. ದನಿ ಮಾವನಿಗಿಂತ ಗಾಬರಿಯದು.

"ಹುಳಿ ಇಲ್ಲಮ್ಮ."

"ಮತ್ತೆ ಯಾಕೆ ಇಟ್ರಿ?"

"ಕೆಮ್ಮು ಬಂತು, ಕೆಮ್ಮಬಾರ್ದಾ? ಹುಳಿ ಇಲ್ಲ. ಹೇಳಿಕೊಳ್ಳೋ ಅಂಥ ರುಚಿಯೂ ಇಲ್ಲ, ಸ್ವಲ್ಪ ನೀರು ನೀರು. ಆದ್ರೆ ಶುದ್ಧವಾಗಿದೆ." ಕೆಮ್ಮಿ ಮುಗಿಸಿ ಲೋಟ ಎತ್ತಿ ತಳದವರೆಗೂ ಕುಡಿದರು. ಖಾಲಿ ಲೋಟವನ್ನು ಮಾವನ ಕಡೆ ತಳ್ಳಿದರು. "ಇನ್ನೊಂದು ಹಾಕು. ಮೊದಲನೇದರಲ್ಲಿ ಏನೂ ಗೊತ್ತಾಗಲ್ಲ."

ಮಾವ ಎರಡನೆಯ ಲೋಟ ತುಂಬಿದರು. ಅವಸರಕ್ಕೆ ಅರ್ಧ ಚೆಲ್ಲಿತು. ಕೂಡಲೇ ಅದನ್ನು ಒರೆಸಲು ಬಟ್ಟೆ ಹುಡುಕಿದರು. ಅತ್ತೆ ಗುಜರಿಯವನಿಗೆ ತೂತುಬಿದ್ದ ಹಳೆಯ ಬಕೆಟ್ಟನ್ನು ಕೊಟ್ಟು ಕಳಿಸಿದರು. ಅವನು ಅದನ್ನು ತಿರುಗಿಸಿ ನೋಡಿ, "ಇದನ್ನ ಇಲಿ ಕಡೀತಾ?" ಎಂದು ಕೇಳಿಕೊಂಡು ಹೋದ.

ಅತ್ತೆ ಗೇಟು ಹಾಕಿ ಬರುವಷ್ಟರಲ್ಲಿ ಮಾವ ಆಗಲೇ ಮೇಸ್ತ್ರಿಯ ಎದುರು ಕಾಗದ ಹರಡಿದ್ದರು. ನೀರು ನೀರಾಗಿದ್ದರೆ ಮುಂದಿನ ಸಲ ಮಾಲ್ಟ್ ಜಾಸ್ತಿ ಹಾಕಬೇಕು, ಎರಡು ಬಗೆ ಮಾಡಿ ಹೋಲಿಸಿ ನೋಡಬೇಕು, ಅದಕ್ಕೆ ಇನ್ನೊಂದು ಬಕೆಟ್ ಬೇಕು, ಇಡಲು ಜಾಗವೇನೋ ಇದೆ, ಬಚ್ಚಲಿನ ಕನ್ನಡಿಯ ಕೆಳಗಿನ ಸೋಪಿನ ಸ್ಟ್ಯಾಂಡ್ ತೆಗೆದರೆ ಸರಿಯಾಗಿ ಕೂರುತ್ತದೆ.

ಅತ್ತೆ ಬಾಗಿಲಲ್ಲಿ ನಿಂತು ಅದನ್ನೆಲ್ಲ ಕೇಳಿಸಿಕೊಂಡರು. ಬಾಯಿ ತೆಗೆಯಲಿಲ್ಲ. ಮಾತು ಕೊಟ್ಟಿದ್ದರಲ್ಲ. ನೇರವಾಗಿ ಬಚ್ಚಲಮನೆಗೆ ಹೋಗಿ ತಮ್ಮ ಸೋಪಿನ ಡಬ್ಬಿ, ಟವೆಲ್, ತಲೆಗೆ ಹಚ್ಚುವ ಎಣ್ಣೆ ತೆಗೆದುಕೊಂಡು ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು.

"ಅಕ್ಕ, ಇನ್ನು ಮೇಲೆ ನನ್ನ ಸ್ನಾನ ಇಲ್ಲೇ."

ಅಮ್ಮ ನಗು ತಡೆದುಕೊಂಡರು. "ಬನ್ನಿ. ಎಷ್ಟು ದಿನಕ್ಕೆ?"

"ಮತ್ತೆ ಹುಳಿ ಮಾಡೋವರೆಗೆ."

"ಅದೇನು, ಬೇಗ ಮಾಡ್ತಾನೆ ಬಿಡಿ."

ಅತ್ತೆ ಸೋಪಿನ ಡಬ್ಬಿಯನ್ನು ನಮ್ಮ ಬಚ್ಚಲ ಕಿಟಕಿಯಲ್ಲಿಟ್ಟು, ಸರಿಸಿ, ಇನ್ನಷ್ಟು ಸರಿಸಿ, ತಮ್ಮ ಜಾಗ ಮಾಡಿಕೊಂಡರು.

"ಎಲ್ಲಿ ಮಾಡ್ತಾರೆ ಅಕ್ಕ" ಎಂದು ನಿಟ್ಟುಸಿರುಬಿಟ್ಟರು. "ಕಲಿಸಿದವಳು ನಾನೇ ಅಲ್ವಾ."